ನೀಲಗಿರಿ ತೋಪಿನಲ್ಲಿ ಒಂದು ರಾತ್ರಿ

ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಪಕ್ಕದ ಗುಡ್ಡದ ಮೇಲೆ ಟೆಂಟ್ ಹಾಕಿ ಮಲಗೋಕೆ ಒಂದು ಸಾರ್ವಜನಿಕ ಜಾಗ ಇದೆ, ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದಾರಿ ಅಂತ ಹಿಂದೊಮ್ಮೆ ಈ ಅಂಕಣದಲ್ಲಿ ಸುಮ್ನೆ ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದಷ್ಟು ಪತ್ರ ನನ್ನ ಮಜ್ಜಿಗೆಹುಳಿಗೂ ಬಂದಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಅದೇ. ಜಾಗದ ಹೆಸರು ಆಂಥೊನಿ ಶಬೋ ಕ್ಯಾಂಪ್‌ಗ್ರೌಂಡ್. ಬೋರ್ಡು ನೋಡಿದರೆ 'ಚಾಬೋಟ್' ಅಂತ ಓದಬೇಕು ಅನ್ನಿಸುತ್ತದೆ. ನಾನೂ ಒಂದು ವರ್ಷ ಹಾಗೇ ಕರೆದು ಮಗಳ ಕೈಲಿ ನಗಿಸಿಕೊಂಡವಳೇ.

ಪ್ರಶ್ನೆ: ನನಗೀಗ 66. ನಿವೃತ್ತ ಶಿಕ್ಷಕಿ. ಜುಲೈದಾಗ ಫ್ರೀಮಾಂಟ್‌ನಾಗಿರೋ ಮಗನ ಮನಿಗೆ ಹೊಂಟೀನಿ. ಅಂವ ಆಗಲೇ ನೀವು ಹೇಳಿದ ಜಾಗದಾಗ ಎರಡು ರಾತ್ರಿ ಬುಕ್ ಮಾಡ್ಯಾನ. ನೆಲದ ಮ್ಯಾಲ ಮಲಗಿ ಏಳೂದು ನನ್ನ ಮೊಣಕಾಲಿಗೆ ಆಗೂದಿಲ್ಲ. ಒಲ್ಲೆ ಅಂದ್ರ ಮಗ ಮನಸ್ಸಿಗೆ ಹಚ್ಕೋತಾನ. ಏನ್ ಮಾಡ್ಲಿರಿ?
— ಹುಬ್ಬಳ್ಳಿ

ಟೀಚರಮ್ಮ, ಹೋಗಿ ಬನ್ನಿ. ಆದರೆ ಮಗನಿಗೆ ಮೂರು ಷರತ್ತು ಹಾಕಿ.

ಒಂದು, ಮಡಚುವ ಮಂಚ. ಇಲ್ಲಿ ಕ್ಯಾಂಪಿಂಗ್ ಸಾಮಾನಿನ ಅಂಗಡಿಗಳಲ್ಲೆಲ್ಲ ಸಿಗುತ್ತದೆ. ನಮ್ಮ ಕಡೆ ನವಾರಿನ ಮಂಚ ಇರುತ್ತಿತ್ತಲ್ಲ, ಅದರ ತಮ್ಮ ಅಂದುಕೊಳ್ಳಿ. ಕೂತು ಕಾಲು ಇಳಿಬಿಟ್ಟು ಏಳಬಹುದು. ಗಾಳಿ ತುಂಬುವ ಹಾಸಿಗೆ ಸಾಕು ಅಂತ ಮಗ ಹೇಳುತ್ತಾನೆ, ಒಪ್ಪಬೇಡಿ. ನಮ್ಮದು ರಾತ್ರಿ ಎರಡು ಗಂಟೆಗೆ ಉಸ್ಸೆಂದು ಶುರು ಮಾಡಿ ನಾಲ್ಕಕ್ಕೆ ಚಪಾತಿಯಾಗಿತ್ತು. ನಮ್ಮವರು ತೂಕ ಜಾಸ್ತಿ ಇರೋ ಕಡೆಗೆ ನಾನು ಉರುಳಿ ಉರುಳಿ ಬಿದ್ದಿದ್ದೇ ಬಂತು.

ಎರಡು, ಟಾಯ್ಲೆಟ್ಟಿಗೆ ಹತ್ತಿರದ ಜಾಗ. ನೀರು ಬರುವ ಟಾಯ್ಲೆಟ್ಟಿದೆ, ಸ್ನಾನಕ್ಕೆ ಬಿಸಿನೀರೂ ಇದೆ, ಆ ಚಿಂತೆ ಬಿಡಿ. ಆದರೆ ತೀರಾ ಬಾಗಿಲ ಎದುರಿಗೆ ಬೇಡ, ರಾತ್ರಿಯಿಡೀ ಜನ ಓಡಾಡುತ್ತಾರೆ. ನಡುವೆ ಮೂರ್ನಾಲ್ಕು ಟೆಂಟು ಇರುವಷ್ಟು ದೂರ ಸರಿ. ಒಂದು ಟಾರ್ಚು ನಿಮ್ಮ ದಿಂಬಿನ ಕೆಳಗೇ ಇರಲಿ, ಮಗನ ಫೋನ್ ನಂಬಬೇಡಿ.

ಮೂರನೆಯದು ಚಳಿ. ಜುಲೈ ಅಂದರೆ ಬೇಸಿಗೆ, ಕ್ಯಾಲಿಫೋರ್ನಿಯಾ ಅಂದರೆ ಬಿಸಿಲು ಅಂತ ನಮ್ಮಮ್ಮನೂ ತೆಳು ಕಾಟನ್ ಸೀರೆ ಉಟ್ಟುಕೊಂಡು ಬಂದಿದ್ದರು. ಸಂಜೆ ಏಳರ ಹೊತ್ತಿಗೆ ಸಮುದ್ರದ ಕಡೆಯಿಂದ ಮಂಜು ಎದ್ದು ಬಂತು. ಗುಡ್ಡದ ನೆತ್ತಿ ಸವರಿಕೊಂಡು, ಹಾಲು ಉಕ್ಕಿದ ಹಾಗೆ. ಅರ್ಧ ಗಂಟೆಯಲ್ಲಿ ಅಮ್ಮ ನನ್ನ ಸ್ವೆಟರು, ಅಳಿಯನ ಜಾಕೆಟ್ಟು, ಮೊಮ್ಮಗಳ ಟೋಪಿ ಎಲ್ಲ ಹಾಕಿಕೊಂಡು ಕೂತಿದ್ದರು. ನಿಮ್ಮ ಮಂಕಿ ಟೋಪಿ, ಉಣ್ಣೆ ಕಾಲುಚೀಲ, ಒಂದು ಕಂಬಳಿ ಮರೆಯಬೇಡಿ. ಮಂಕಿ ಟೋಪಿ ನೋಡಿ ಮಗ ನಕ್ಕರೆ ನಗಲಿ. ರಾತ್ರಿ ಅವನೇ ಕೇಳುತ್ತಾನೆ.

ಇನ್ನೊಂದು ಮಾತು. ಎರಡು ರಾತ್ರಿ ಬುಕ್ ಮಾಡಿದ್ದರೂ ಒಂದು ರಾತ್ರಿ ಅಂತಲೇ ಮನಸ್ಸಿನಲ್ಲಿಟ್ಟುಕೊಂಡು ಹೋಗಿ. ಹಿಡಿಸಿದರೆ ಇನ್ನೊಂದು ಇದ್ದೇ ಇದೆ. ಊರಿಗೆ ಹತ್ತಿರದ ಜಾಗದ ಸುಖ ಅದೇ. ಯೊಸೆಮಿಟಿಗೆ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಹೋದವರಿಗೆ, ಮೊಣಕಾಲು ನೋಯುತ್ತದೆ ಅಂತ ಅರ್ಧ ರಾತ್ರಿಯಲ್ಲಿ ಮನೆಗೆ ಹೊರಡೋಕೆ ಆಗುತ್ತದಾ?

ಪ್ರಶ್ನೆ: ಮೂರು ಸಲ ನೋಡಿದೆ. ಶನಿವಾರ ಯಾವಾಗಲೂ ಭರ್ತಿ. ನೀವು ಹೇಗೆ ಗಿಟ್ಟಿಸುತ್ತೀರಿ?
— ಸನಿವೇಲ್

ಗಿಟ್ಟಿಸುವುದಿಲ್ಲ. ಭಾನುವಾರ ಹೋಗುತ್ತೇನೆ. ಇರುವುದೇ 75ರ ಆಸುಪಾಸು ಜಾಗ. ಸುತ್ತ ಓಕ್ಲೆಂಡ್, ಸ್ಯಾನ್ ಲಿಯಾಂಡ್ರೊ, ಹೇವರ್ಡ್, ಎಲ್ಲ ಕಡೆಯ ಜನಕ್ಕೂ ಅದೇ ಶನಿವಾರ ಬೇಕು. ಮಕ್ಕಳ ಹುಟ್ಟುಹಬ್ಬ ಬೇರೆ ಅಲ್ಲೇ ಮಾಡುತ್ತಾರೆ. ಭಾನುವಾರ ಸಂಜೆ ಅವರೆಲ್ಲ ಗಂಟುಮೂಟೆ ಕಟ್ಟಿದ ಮೇಲೆ ತೋಪು ಖಾಲಿಯಾಗುತ್ತದೆ. ಸೋಮವಾರ ಒಂದು ದಿನ ರಜೆ ಹಾಕಿ. ಕಾರಿನಿಂದ ಸಾಮಾನು ಹೊತ್ತುಕೊಂಡು ನಡೆದು ಹೋಗಬೇಕಾದ ಕೆಲವು ಜಾಗಗಳೂ ಇವೆ. ಜನ ಹೊರೋಕೆ ಸೋಮಾರಿಗಳು, ಹಾಗಾಗಿ ಅವು ಒಮ್ಮೊಮ್ಮೆ ಕೊನೆ ಗಳಿಗೆಯಲ್ಲೂ ಸಿಗುತ್ತವೆ.

ಪ್ರಶ್ನೆ: ಅಲ್ಲಿ ಅಡುಗೆ ಮಾಡಬಹುದಾ ಅಥವಾ ಮಾಡಿಕೊಂಡೇ ಹೋಗಬೇಕಾ? ಪ್ರಾಣಿಗಳ ಕಾಟ ಇದೆಯಾ? ನಾವು ಪಕ್ಕಾ ಸಸ್ಯಾಹಾರಿಗಳು, ನಮ್ಮ ಊಟಕ್ಕೆ ಪ್ರಾಣಿಗಳು ಬರಲಾರವು ಅಂತ ಗೆಳತಿ ಹೇಳುತ್ತಾಳೆ.
— ಸ್ಯಾನ್ ರಮೋನ್

ನಿಮ್ಮ ಗೆಳತಿಗೆ ರಕೂನ್ ಪರಿಚಯ ಇಲ್ಲ.

ರಕೂನ್ ಅಂದರೆ ಬೆಕ್ಕಿಗಿಂತ ದಪ್ಪ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದ ಹಾಗಿರುವ ಪ್ರಾಣಿ. ನೋಡಿದ ಕೂಡಲೇ ಕಳ್ಳ ಅಂತ ಗೊತ್ತಾಗುತ್ತದೆ. ಮುಂಗೈ ಬೆರಳು ಮನುಷ್ಯರ ಹಾಗೇ ಆಡುತ್ತವೆ. ನಾವು ಮೊದಲ ಸಲ ಹೋದಾಗ ನಾನು ಬುದ್ಧಿವಂತಿಕೆ ಮಾಡಿ ದೋಸೆ ಹಿಟ್ಟು ರುಬ್ಬಿ ಒಯ್ದಿದ್ದೆ. ಐಸ್ ಹಾಕಿದ ಕೂಲರ್ ಡಬ್ಬಿಯಲ್ಲಿಟ್ಟು, ಮುಚ್ಚಳ ಒತ್ತಿ, ಊಟದ ಮೇಜಿನ ಕೆಳಗೆ ತಳ್ಳಿ ಮಲಗಿದೆ. ಕಾರಿನೊಳಗೆ ಇಡಬೇಕಿತ್ತು. ತಪ್ಪು ನಂದೇ.

ಬೆಳಿಗ್ಗೆ ಟೆಂಟಿನ ಜಿಪ್ ಎಳೆದು ನೋಡಿದರೆ ಕೂಲರ್ ಬಾಯಿ ಬಿಟ್ಟುಕೊಂಡು ಬಿದ್ದಿದೆ. ಹಿಟ್ಟಿನ ಡಬ್ಬಿ ಖಾಲಿ. ಮೊಸರು ಖಾಲಿ. ಕೆಂಪು ಚಟ್ನಿ ಮಾತ್ರ ಹಾಗೇ ಇತ್ತು, ಒಂದು ಬೆರಳು ಅದ್ದಿ ಬಿಟ್ಟ ಗುರುತು. ಮೇಜಿನ ಹಲಗೆ ಮೇಲೆ ಆ ತುದಿಯಿಂದ ಈ ತುದಿಗೆ ಹಿಟ್ಟಿನ ಹೆಜ್ಜೆಗಳು. ಐದೈದು ಬೆರಳು, ಒಂದೂ ಅಳಿಸದೆ, ಒಣಗಿ ಬೆಳ್ಳಗೆ ಕೂತಿದ್ದವು. ಅಮ್ಮ ಹೊರಗೆ ಬಂದವರು ಬೈಯುತ್ತಾರೆ ಅಂದುಕೊಂಡೆ. ಬಗ್ಗಿ ನೋಡಿದರು. "ಕೃಷ್ಣಾಷ್ಟಮಿಗೆ ನೀನು ಬಿಡಿಸೋದಕ್ಕಿಂತ ಚೆನ್ನಾಗಿದೆ ಬಿಡು" ಅಂದರು.

ಅವತ್ತು ತಿಂಡಿಗೆ ಅವಲಕ್ಕಿ. ಈಗಲೂ ಅದನ್ನೇ ಹೇಳುತ್ತೇನೆ: ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ, ಹುರಿದ ರವೆ ಒಯ್ಯಿರಿ. ಸಣ್ಣ ಗ್ಯಾಸ್ ಒಲೆ ಇದ್ದರೆ ಎಲ್ಲ ಆಗುತ್ತದೆ. ಪ್ರತಿ ಜಾಗಕ್ಕೂ ಒಂದು ಮೇಜು ಇದೆ. ಮಲಗುವ ಮುಂಚೆ ತಿನ್ನುವುದೆಲ್ಲ, ಟೂತ್‌ಪೇಸ್ಟ್ ಕೂಡ, ಕಾರಿನೊಳಗೆ ಹಾಕಿ ಬಾಗಿಲು ಭದ್ರ ಮಾಡಿ. ಕರಡಿ ಚಿಂತೆ ಇಲ್ಲಿ ಬೇಡ. ಜಿಂಕೆ, ಕಾಡು ಟರ್ಕಿ ಕೋಳಿ ಹಗಲಲ್ಲೇ ಓಡಾಡುತ್ತವೆ. ರಾತ್ರಿ ಕಯೋಟಿಗಳು ಊಳಿಡುತ್ತವೆ, ನಮ್ಮ ಗುಳ್ಳೆನರಿಗಳ ಹಾಗೇ. ಹಳ್ಳಿಯಲ್ಲಿ ಬೆಳೆದವರಿಗೆ ಹೆದರಿಕೆ ಆಗುವುದಿಲ್ಲ, ಮನೆ ನೆನಪಾಗುತ್ತದೆ.

ಪ್ರೆಶರ್ ಕುಕ್ಕರ್ ಮಾತ್ರ ಬೇಡ. ಬೆಳಿಗ್ಗೆ ಏಳಕ್ಕೆ ನಮ್ಮ ಮೂರನೇ ವಿಷಲ್‌ಗೆ ಪಕ್ಕದ ಟೆಂಟಿನ ಅಜ್ಜ ಬರಿಗಾಲಲ್ಲಿ ಓಡಿ ಬಂದು ಎಲ್ಲರೂ ಕ್ಷೇಮವಾ ಅಂತ ಕೇಳಿದ್ದಾರೆ. ಅವರಿಗೆ ಒಂದು ತಟ್ಟೆ ಬಿಸಿಬೇಳೆಬಾತು ಕೊಟ್ಟು ಸಮಾಧಾನ ಮಾಡಬೇಕಾಯಿತು.

ಪ್ರಶ್ನೆ: ನಿಮ್ಮ ಬರಹದಲ್ಲಿ 'ನೀಲಗಿರಿ ತೋಪು' ಅಂದಿದ್ದಿರಿ. ನೀಲಗಿರಿ ಮರ ಅಮೆರಿಕದಲ್ಲೂ ಇದೆಯಾ? ಕೋಲಾರದ ನೀಲಗಿರಿಯೇ?
— ಮುಳಬಾಗಿಲು

ನಮ್ಮ ಕಡೆಯವರೇ ಕೇಳಿದಿರಿ, ಖುಷಿಯಾಯಿತು. ನಾನು ಬಂಗಾರಪೇಟೆಯವಳು.

ಅಮ್ಮ ಇಲ್ಲಿ ಕಾರಿನಿಂದ ಇಳಿದ ಕೂಡಲೇ ಮೂಗು ಎಳೆದು ನಿಂತುಬಿಟ್ಟರು. ಬಿದ್ದಿದ್ದ ಎಲೆ ಒಂದನ್ನು ಎತ್ತಿ ಅಂಗೈಯಲ್ಲಿ ಉಜ್ಜಿ ಮೂಸಿದರು. "ಥೂ, ಇದಕ್ಕಾ ಹದಿನಾರು ಗಂಟೆ ವಿಮಾನದಲ್ಲಿ ಕೂತಿದ್ದು! ನಮ್ಮ ಹೊಲದ ಬದುವಿನಲ್ಲೇ ಇದ್ದವಲ್ಲ" ಅಂದರು. ಆಮೇಲೆ ಆ ಎಲೆಯನ್ನು ಕರ್ಚೀಫಿನಲ್ಲಿ ಮಡಚಿ ಇಟ್ಟುಕೊಂಡರು ಅನ್ನೋದು ಬೇರೆ ಮಾತು.

ಎರಡೂ ಕಡೆಗೂ ತವರು ಆಸ್ಟ್ರೇಲಿಯಾ. ಜಾತಿ ಸ್ವಲ್ಪ ಬೇರೆ. ಇಲ್ಲಿ ಹೆಚ್ಚಾಗಿ ಇರುವುದು 'ಬ್ಲೂ ಗಮ್', ಊಟಿ ಕಡೆ ಬೆಳೆಸಿದ್ದಲ್ಲ, ಅದು. ತೊಗಟೆ ಉದ್ದುದ್ದ ಸುಲಿದು ಜೋತು ಬೀಳುತ್ತದೆ. ನಮ್ಮ ಕಡೆ ಮೊದಲು ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದ ತೋಟಕ್ಕೆ ಬಂತು ಅಂತ ಹೇಳುತ್ತಾರೆ. ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದು 1850ರ ದಶಕದಲ್ಲಿ, ಚಿನ್ನದ ಹುಚ್ಚು ಹತ್ತಿದ್ದ ಕಾಲ. 1910ರ ಆಸುಪಾಸಿನಲ್ಲಿ ಇನ್ನೊಂದು ಹುಚ್ಚು ಹತ್ತಿತು. ಗಟ್ಟಿ ಮರ ಮುಗಿದುಹೋಗುತ್ತದೆ, ನೀಲಗಿರಿ ನೆಟ್ಟರೆ ಕೆಲವೇ ವರ್ಷಕ್ಕೆ ಲಕ್ಷಾಧಿಪತಿ ಅಂತ. ಫ್ರಾಂಕ್ ಹೇವನ್ಸ್ ಅನ್ನುವ ಜಮೀನು ವ್ಯಾಪಾರಿ ಓಕ್ಲೆಂಡಿನ ಈ ಗುಡ್ಡಸಾಲಿನಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದ. ಕೊನೆಗೆ ನೋಡಿದರೆ ಎಳೆಯ ಮರದ ಹಲಗೆ ಒಣಗುವಾಗ ಸೀಳುತ್ತದೆ, ಸೊಟ್ಟಗಾಗುತ್ತದೆ. ಯಾರೂ ಕೊಳ್ಳಲಿಲ್ಲ. ಮರ ಗುಡ್ಡದಲ್ಲೇ ಉಳಿದವು. ಈಗ ನಾವು ದುಡ್ಡು ಕೊಟ್ಟು ಅಂಥ ಮರಗಳ ಕೆಳಗೆ ಮಲಗುತ್ತೇವೆ.

ಜಗಳ ಮಾತ್ರ ಎರಡು ಕಡೆಯೂ ಇದೆ. ನಮ್ಮಲ್ಲಿ ಅಂತರ್ಜಲ ಕುಡಿಯುತ್ತದೆ ಅಂತ ಜಗಳ. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ಕಥೆ ನಿಮಗೆ ನಾನು ಹೇಳಬೇಕಾ? 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಇಲ್ಲಿನವರ ಭಯ ಬೆಂಕಿ. ಎಣ್ಣೆ ತುಂಬಿದ ಎಲೆ, ಒಣಗಿದ ತೊಗಟೆ. 1991ರ ಅಕ್ಟೋಬರ್ 20ರಂದು ಓಕ್ಲೆಂಡ್ ಗುಡ್ಡಗಳಿಗೆ ಬೆಂಕಿ ಬಿದ್ದಾಗ 25 ಜನ ಸತ್ತರು, ಸುಮಾರು ಮೂರು ಸಾವಿರ ಮನೆ ಸುಟ್ಟವು. ಅವತ್ತು ಕಿಡಿ ಹಬ್ಬಿಸಿದ್ದರಲ್ಲಿ ಈ ಮರಗಳ ಪಾಲೂ ಇತ್ತು. ಅದಕ್ಕೇ ಬಿರುಬೇಸಿಗೆಯಲ್ಲಿ, ಗಾಳಿ ಜೋರಿರುವ ದಿನಗಳಲ್ಲಿ ಬೆಂಕಿ ಹಾಕಬೇಡಿ ಅನ್ನುತ್ತಾರೆ. ಹೇಳಿದರೆ ಕೇಳಿ. "ಇಷ್ಟು ದೂರ ಬಂದು ಬೆಂಕಿ ಇಲ್ಲದೆ ಏನು ಮಜಾ" ಅಂತ ರೇಂಜರ್ ಹತ್ತಿರ ವಾದ ಮಾಡುವ ನಮ್ಮವರನ್ನು ನೋಡಿದ್ದೇನೆ. ಮೈ ಉರಿಯುತ್ತದೆ.

ಇನ್ನು ಆ ಶಬೋ ಯಾರು ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬಂಗಾರಪೇಟೆಯವಳು ಹೇಳದೆ ಬಿಟ್ಟರೆ ಆಗುತ್ತದಾ! ಕೆನಡಾದ ಕ್ವಿಬೆಕ್‌ನಿಂದ ಚಿನ್ನ ಹುಡುಕಿಕೊಂಡು ಬಂದವನು. ಗುಡ್ಡದ ಮಣ್ಣು ಕೊಚ್ಚಿ ಚಿನ್ನ ತೆಗೆಯಲು ಕ್ಯಾನ್ವಾಸ್ ಬಟ್ಟೆಯ ಪೈಪಿನಲ್ಲಿ ನೀರು ಹಾಯಿಸಿದವರಲ್ಲಿ ಮೊದಲಿಗ. ನಮ್ಮ ಕೆಜಿಎಫ್‌ನವರು ಭೂಮಿಯೊಳಕ್ಕೆ ಇಳಿದರು, ಇವನು ಗುಡ್ಡವನ್ನೇ ತೊಳೆದ. ನೀರಿನ ಕೆಲಸ ಕೈಗೆ ಹತ್ತಿದ ಮೇಲೆ ಚಿನ್ನ ಬಿಟ್ಟು ಊರಿಗೆ ನೀರು ಕೊಡುವ ಕಂಪನಿ ಕಟ್ಟಿದ. ಕ್ಯಾಂಪಿನ ಕೆಳಗೆ ಕಾಣುವ ಶಬೋ ಕೆರೆಯ ಏರಿ 1870ರ ದಶಕದ್ದು. ಮಣ್ಣು ಹೊತ್ತವರು ಹೆಚ್ಚಾಗಿ ಚೀನೀ ಕೂಲಿಗಳು. ಏರಿಯ ಮಣ್ಣು ಗಟ್ಟಿಯಾಗಲಿ ಅಂತ ಅದರ ಮೇಲೆ ಕಾಡುಕುದುರೆಗಳನ್ನು ಹಿಂಡುಹಿಂಡಾಗಿ ಓಡಿಸಿದರಂತೆ. ಇದನ್ನು ಅಮ್ಮನಿಗೆ ಹೇಳಿದೆ. ಅವರು ಕೆರೆ ಕಡೆ ಒಮ್ಮೆ ನೋಡಿ, "ತೂಬು ಎಲ್ಲಿದೆ?" ಅಂದರು.

ಪ್ರಶ್ನೆ: ಆ ಕೆರೆಯಲ್ಲಿ ಈಜಬಹುದಾ? ಹಾವು ಇದೆಯಾ? ನಾಯಿ ಕರೆದೊಯ್ಯಬಹುದಾ?
— ಹೇವರ್ಡ್

ಈಜುವ ಹಾಗಿಲ್ಲ. ಅದು ಕಷ್ಟಕಾಲಕ್ಕೆ ಅಂತ ಕಾಯ್ದಿಟ್ಟ ಕುಡಿಯುವ ನೀರು. ಸುತ್ತ ನಡೆಯಿರಿ, ದೋಣಿ ಬಾಡಿಗೆಗೆ ಸಿಕ್ಕರೆ ಹತ್ತಿ. ಹಾವು ಇದೆ, ಬಾಲ ಅಲ್ಲಾಡಿಸಿ ಗಿಲಕಿ ಶಬ್ದ ಮಾಡುವಂಥದ್ದು. ಹುಲ್ಲಿಗೆ ಕಾಲಿಡಬೇಡಿ, ಕಾಲುದಾರಿಯಲ್ಲೇ ಹೋಗಿ. ನಾಯಿಗೆ ಹಗ್ಗ ಇರಲಿ.

ಪ್ರಶ್ನೆ: ನಾವು ಆರು ಕುಟುಂಬ ಹೋಗಿದ್ದೆವು. ರಾತ್ರಿ ಅಂತ್ಯಾಕ್ಷರಿ ಆಡುತ್ತಿದ್ದೆವು. ಹತ್ತೂಕಾಲಿಗೇ ಪಕ್ಕದವರು ಬಂದು ಮುಖ ಗಂಟಿಕ್ಕಿಕೊಂಡು ನಿಲ್ಲಿಸಿ ಅಂದರು. ನಮ್ಮ ಹಾಡು ಅಂತಲೇ ಅವರಿಗೆ ಅಸಹನೆ ಅಲ್ವಾ? ಮನಸ್ಸಿಗೆ ತುಂಬಾ ನೋವಾಯಿತು.
— ಡಬ್ಲಿನ್, ಕ್ಯಾಲಿಫೋರ್ನಿಯಾ

ಹಾಡು ಯಾವ ಭಾಷೆಯದ್ದು ಅಂತ ಅವರಿಗೆ ಗೊತ್ತೇ ಆಗಿರಲಿಕ್ಕಿಲ್ಲ. ಗಂಟೆ ಎಷ್ಟು ಅಂತ ಗೊತ್ತಾಗಿದೆ. ಹತ್ತರ ಮೇಲೆ ಸದ್ದು ಮಾಡಬಾರದು ಅನ್ನೋದು ಇಲ್ಲಿ ಎಲ್ಲ ಕ್ಯಾಂಪುಗಳ ರೂಢಿ. ಟೆಂಟಿಗೆ ಗೋಡೆ ಇಲ್ಲ, ಬಟ್ಟೆ. ನೀವು ಪಿಸುಗುಟ್ಟಿದ್ದೂ ಎರಡು ಟೆಂಟು ಆಚೆ ಕೇಳುತ್ತದೆ. ನಮ್ಮವರ ಗೊರಕೆಯನ್ನು ಬೆಳಿಗ್ಗೆ ಪಕ್ಕದ ಹುಡುಗ ಅಣಕಿಸಿ ತೋರಿಸಿದ್ದ.

ಚರ್ಮದ ಬಣ್ಣ ನೋಡಿ ಮುಖ ಸಿಂಡರಿಸುವವರು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಇಲ್ಲಿ ಇಪ್ಪತ್ತು ವರ್ಷ ಇದ್ದವಳಿಗೆ ಅದೂ ಗೊತ್ತು. ಆದರೆ ಇದು ಅದಲ್ಲ. ಆರು ಕುಟುಂಬ ಅಂದರೆ ಇಪ್ಪತ್ತು ಜನರ ಮೇಲಾಯಿತು. ಅಷ್ಟು ಜನಕ್ಕೆ ಗುಂಪಿನ ಕ್ಯಾಂಪ್ ಅಂತಲೇ ಬೇರೆ ಜಾಗ ಇರುತ್ತದೆ, ಅದನ್ನು ಬುಕ್ ಮಾಡಿ. ಅಂತ್ಯಾಕ್ಷರಿ ಏಳಕ್ಕೇ ಶುರು ಮಾಡಿ. 'ಯ' ಬಂದಾಗ ಹೇಗೂ ಎಲ್ಲರೂ ತಡವರಿಸುತ್ತಾರೆ. ಅಲ್ಲಿಗೇ ಮುಗಿಸಿ.

ಪ್ರಶ್ನೆ: ಕ್ಯಾಂಪಿನಿಂದ ಬಂದು ಎರಡು ದಿನಕ್ಕೆ ಮಗನ ಕೈಕಾಲೆಲ್ಲ ಕೆಂಪಗೆ ಗುಳ್ಳೆ ಎದ್ದವು. ನಮ್ಮತ್ತೆ ಸರ್ಪಸುತ್ತು ಅಂತ ಹಸಿ ಕೆಮ್ಮಣ್ಣು ಹಚ್ಚಿದರು. ಏನಿರಬಹುದು?
— ಮಿಲ್ಪಿಟಾಸ್

ಕೆಮ್ಮಣ್ಣು ತೊಳೆದು ಡಾಕ್ಟರಿಗೆ ತೋರಿಸಿ, ಅದು ಮೊದಲ ಕೆಲಸ. ನೋಡದೆ ನಾನು ಹೇಳಬಾರದು. ಆದರೆ ಈ ಗುಡ್ಡಗಳಲ್ಲಿ ಹೀಗಾದರೆ ಮೊದಲು ಅನುಮಾನ ಬರುವುದು ಪಾಯ್ಸನ್ ಓಕ್ ಮೇಲೆ. ಒಂದು ತೊಟ್ಟಿಗೆ ಮೂರು ಎಲೆ. ವಸಂತದಲ್ಲಿ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ, ಬೇಸಿಗೆ ಕೊನೆಗೆ ಕೆಂಪಗಾಗುತ್ತದೆ. ಮಕ್ಕಳು ಚೆಂದ ಇದೆ ಅಂತ ಕಿತ್ತುಕೊಂಡು ಬರುತ್ತಾರೆ. ಅದರಲ್ಲಿರುವ ಎಣ್ಣೆ ಮೈಗೆ ತಾಗಿದರೆ ಕೂಡಲೇ ಏನೂ ಆಗುವುದಿಲ್ಲ, ಒಂದೆರಡು ದಿನ ಬಿಟ್ಟು ಗುಳ್ಳೆ ಏಳುತ್ತವೆ.

ನಿಮ್ಮತ್ತೆಗೆ ಹೀಗೆ ಹೇಳಿ, ಅರ್ಥವಾಗುತ್ತದೆ: ಮಾವಿನಕಾಯಿ ಸೊನೆ ತಾಗಿ ಬಾಯಿ ಸುತ್ತ ಸುಡುತ್ತದಲ್ಲ, ಗೇರುಬೀಜ ಸುಲಿಯುವವರ ಕೈ ಸುಡುತ್ತದಲ್ಲ, ಇದೂ ಅದೇ ಕುಟುಂಬದ ಗಿಡ. ಕಾಡಿನಿಂದ ಬಂದ ಕೂಡಲೇ ಸೋಪು ಹಚ್ಚಿ ಮೈ ತೊಳೆಯಬೇಕು. ಬಟ್ಟೆ, ಶೂ ಲೇಸು, ನಾಯಿ ಮೈ ಕೂಡ. ಅದರ ಕಡ್ಡಿ ಬೆಂಕಿಗೆ ಹಾಕಿದರೆ ಹೊಗೆಯಲ್ಲೂ ವಿಷ ಇರುತ್ತದೆ. ಹಾಗಾಗಿ ಸೌದೆ ಅಂತ ಅಲ್ಲಿಂದ ಇಲ್ಲಿಂದ ಆರಿಸಬೇಡಿ, ಹತ್ತಿರದಲ್ಲೇ ಕೊಳ್ಳಿ. ದೂರದ ಊರಿನ ಸೌದೆಯೂ ಬೇಡ. ಅದರ ಜೊತೆ ಮರ ತಿನ್ನುವ ಹುಳ, ರೋಗ ಬರುತ್ತವೆ.

ಪ್ರಶ್ನೆ: ಇಂಥದ್ದು ನಮ್ಮ ಬೆಂಗಳೂರಿನ ಹತ್ತಿರ ಯಾಕಿಲ್ಲ?
— ಬಸವನಗುಡಿ, ಬೆಂಗಳೂರು

ಸ್ವಲ್ಪ ಬೇರೆ ಥರದ್ದು ಇದೆ. 1980ರಲ್ಲಿ ಶುರುವಾದ ಸರ್ಕಾರದ ಜಂಗಲ್ ಲಾಡ್ಜಸ್‌ನವರದು ಬನ್ನೇರುಘಟ್ಟದಲ್ಲಿ ಒಂದು ನೇಚರ್ ಕ್ಯಾಂಪ್ ಇದೆ, ಕಾವೇರಿ ದಡದಲ್ಲಿ ಭೀಮೇಶ್ವರಿ ಇದೆ. ಆದರೆ ಅಲ್ಲಿ ಹಾಸಿಗೆ ಹಾಸಿ, ಊಟ ಬಡಿಸಿ, ಟೀ ಕೊಡುತ್ತಾರೆ. ನೀವು ಅತಿಥಿ. ಇಲ್ಲಿ ಕೊಡುವುದು ಒಂದು ಚೌಕ ನೆಲ, ಒಂದು ಮೇಜು, ಬೆಂಕಿಗೆ ಒಂದು ಕಬ್ಬಿಣದ ಬಳೆ. ಉಳಿದಿದ್ದು ನಿಮ್ಮ ಪಾಡು.

ಈ ಶಬೋ ಪಾರ್ಕ್ ನೋಡಿಕೊಳ್ಳುವುದು ಈಸ್ಟ್ ಬೇ ರೀಜನಲ್ ಪಾರ್ಕ್ ಡಿಸ್ಟ್ರಿಕ್ಟ್. 1934ರಲ್ಲಿ, ಜನರ ಕೈಯಲ್ಲಿ ಕಾಸಿಲ್ಲದ ಮಹಾ ಕುಸಿತದ ಕಾಲದಲ್ಲಿ, ಊರವರೇ ಮತ ಹಾಕಿ ತಮ್ಮ ಮೇಲೆ ತೆರಿಗೆ ಹಾಕಿಸಿಕೊಂಡು ಇದನ್ನು ಕಟ್ಟಿಕೊಂಡರು. ಬಸವನಗುಡಿಯಲ್ಲಿ ಅಂಥ ಮತ ಹಾಕಿಸಿದರೆ ಏನಾಗುತ್ತದೆ ಅಂತ ನನಗೂ ಕುತೂಹಲ. ನೀವೇ ಒಂದು ಸಭೆ ಕರೆದು ನೋಡಿ, ಪತ್ರ ಬರೆಯಿರಿ.

ಪ್ರಶ್ನೆ: ಹೇಳಿಕೊಳ್ಳಲು ನಾಚಿಕೆ. ಹೋದ ತಿಂಗಳು ಹೆಂಡತಿ, ಎರಡು ವರ್ಷದ ಮಗಳ ಜೊತೆ ಅಲ್ಲಿಗೆ ಹೋಗಿದ್ದೆ. ಮಗು ಅತ್ತೂ ಅತ್ತೂ ರಾತ್ರಿ ಎಲ್ಲ ಬಿಚ್ಚಿ ಮನೆಗೆ ಬಂದೆವು. ಗೆಳೆಯರು ಆಡಿಕೊಳ್ಳುತ್ತಿದ್ದಾರೆ. ಮತ್ತೆ ಹೋಗಬೇಕಾ?
— ಅಲಮೀಡ

ನೀವು ಎಲ್ಲ ಬಿಚ್ಚಿಕೊಂಡಾದರೂ ಬಂದಿರಿ. ನಮ್ಮ ಮೊದಲ ಪ್ರಯತ್ನದ ಕಥೆ ಕೇಳಿ. ಅದು ದೋಸೆ ಹಿಟ್ಟಿಗೂ ಹಿಂದಿನದು, ನಾನು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಂಜೆ ಆರಕ್ಕೆ ತಲುಪಿ ಚೀಲ ಬಿಚ್ಚಿದರೆ ಟೆಂಟಿನ ಬಟ್ಟೆ ಇದೆ, ಗೂಟ ಇದೆ, ಕೋಲುಗಳು ಇಲ್ಲ. ಗ್ಯಾರೇಜಿನ ಮೂಲೆಯಲ್ಲಿ ನಿಂತಿವೆ. ನಮ್ಮವರು ತರುತ್ತೇನೆ ಅಂತ ಕಾರು ತೆಗೆದರು. ನಾನು, ಮಗಳು ಮೇಜಿನ ಮೇಲೆ ಜಮಖಾನ ಹಾಸಿಕೊಂಡು ಕೂತೆವು. ಒಂಬತ್ತಾಯಿತು, ಹತ್ತಾಯಿತು. ಫೋನಿಗೆ ಸಿಗ್ನಲ್ ಇಲ್ಲ. ಮಗಳು ನನ್ನ ತೊಡೆ ಮೇಲೆ ನಿದ್ದೆ ಹೋದಳು. ಮಂಜು ಕರಗಿ ಎಲೆ ತುದಿಯಿಂದ ಟಪ್ ಟಪ್ ಅಂತ ಜಮಖಾನದ ಮೇಲೆ ಬೀಳುತ್ತಿತ್ತು, ಬೇಸಿಗೆಯಲ್ಲಿ ಮಳೆಯೇ ಇಲ್ಲದ ಊರಿನಲ್ಲಿ. ಹತ್ತಿರದ ಟೆಂಟಿನ ಒಬ್ಬ ಹೆಂಗಸು ಏನೂ ಕೇಳದೆ ಒಂದು ಕಂಬಳಿ, ಒಂದು ಲೋಟ ಬಿಸಿನೀರು ಇಟ್ಟು ಹೋದಳು.

ಇವರು ಹನ್ನೊಂದಕ್ಕೆ ಬಂದರು. ಸೋಫಾ ಮೇಲೆ ಐದು ನಿಮಿಷ ಕೂರೋಣ ಅಂತ ಕೂತವರು ನಿದ್ದೆ ಮಾಡಿಬಿಟ್ಟಿದ್ದರು. ಬರುವಾಗ ಆ ಗಾಬರಿಯಲ್ಲಿ ಕೋಲು ಮತ್ತೆ ಅಲ್ಲೇ ಬಿಟ್ಟು ಬಂದಿದ್ದರು.

ಮೂವರೂ ಕಾರಿನಲ್ಲೇ ಮಲಗಿದೆವು. ಮುಂದಿನ ತಿಂಗಳು ಮತ್ತೆ ಬುಕ್ ಮಾಡಿದೆ, ಭಾನುವಾರಕ್ಕೆ. ಆ ಹೆಂಗಸಿನ ಕಂಬಳಿ ವಾಪಸ್ ಕೊಡಲು ಆಗಲೇ ಇಲ್ಲ, ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಹೊರಟುಹೋಗಿದ್ದಳು. ನೀಲಿ ಚೌಕುಳಿಯದು. ಈಗಲೂ ಟೆಂಟಿನ ಚೀಲದಲ್ಲೇ ಇದೆ, ಕೋಲುಗಳ ಪಕ್ಕದಲ್ಲಿ. ನಿಮ್ಮ ಮಗಳಿಗೆ ಮೂರು ತುಂಬಲಿ, ಬೇಕಾದರೆ ಅದನ್ನೇ ಒಯ್ಯಿರಿ.